ಆರು ಕೆಜಿಯ ಹೆಮ್ಮೆ

ನನ್ನ ಬೆನ್ನುಚೀಲದ ತೂಕ ಆರು ಕೆಜಿ ಇನ್ನೂರು ಗ್ರಾಂ. 2024ರ ಫೆಬ್ರುವರಿಯಲ್ಲಿ ಢಾಕಾಕ್ಕೆ ಹೊರಡುವ ಹಿಂದಿನ ದಿನ ಜಾದವ್‌ಪುರದ ನಮ್ಮ ಓಣಿಯ ದಿನಸಿ ಅಂಗಡಿಯಲ್ಲಿ ತೂಗಿಸಿದ್ದೆ. ಆಲೂಗಡ್ಡೆ ತೂಗುತ್ತಿದ್ದ ಅಂಗಡಿಯವರು ಚೀಲವನ್ನು ತಕ್ಕಡಿಗೆ ಏರಿಸಿ, "ಎಷ್ಟು ದಿನಕ್ಕೆ?" ಅಂದರು. ಒಂಬತ್ತು ದಿನಕ್ಕೆ ಅಂದೆ. "ನಾವು ಎರಡು ದಿನ ದೀಘಾಕ್ಕೆ ಹೋದರೆ ಬರೀ ಔಷಧಿಯೇ ಇಷ್ಟು ಭಾರ ಇರುತ್ತೆ" ಅಂತ ನಕ್ಕರು. ನನಗೆ ಹೆಮ್ಮೆಯಾಯಿತು. ಈ ಬರಹ ಆ ಹೆಮ್ಮೆಯ ಬಗ್ಗೆ.

ಮೊದಲು ಚೀಲದಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಕಡಿಮೆ ಒಯ್ಯುವುದು ಒಂದು ಕಸುಬು. ಅದನ್ನು ಕಲಿಯಲು ನನಗೆ ಕೆಲವು ವರ್ಷಗಳೇ ಹಿಡಿದವು. ಮೈಮೇಲೆ ಒಂದು ಜೊತೆ ಬಟ್ಟೆ, ಚೀಲದಲ್ಲಿ ಎರಡು ಜೊತೆ. ಜೀನ್ಸು, ಶೂ, ಸ್ವೆಟರಿನಂಥ ತೂಕದ ವಸ್ತುಗಳು ಯಾವಾಗಲೂ ಮೈಮೇಲೆ. ಟರ್ಕಿ ಟವೆಲಿನ ಬದಲು ನಮ್ಮ ಕುಂದಾಪುರದ ಬೈರಾಸ. ಬಂಗಾಳದಲ್ಲಿ ಇದನ್ನೇ ಹೋಲುವ ಗಾಮ್ಛಾ ಇದೆ. ರಾತ್ರಿ ಕುರ್ತಾ ಒಗೆದು, ಬೈರಾಸದೊಳಗೆ ಸುತ್ತಿ ಬಲವಾಗಿ ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಉಟ್ಟುಕೊಳ್ಳಬಹುದು. ಶಾಂಪೂ, ಕ್ರೀಮುಗಳ ಬದಲು ಒಂದು ಸಾಬೂನು. ವಿಮಾನದ ಕೈಚೀಲದಲ್ಲಿ ದ್ರವದ ಬಾಟಲಿ 100 ಮಿಲಿಲೀಟರಿಗಿಂತ ದೊಡ್ಡದಿರಬಾರದು. 2006ರ ಆಗಸ್ಟ್‌ನಲ್ಲಿ ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಉಡಾಯಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ ಬಂದ ಕಟ್ಟುಪಾಡು ಅದು. ಸಾಬೂನಿಗೆ ಆ ತೊಂದರೆಯಿಲ್ಲ. ಮಾತ್ರೆಗಳು ಅವುಗಳ ಸ್ಟ್ರಿಪ್ಪಿನಲ್ಲೇ, ಜೊತೆಗೆ ಡಾಕ್ಟರ ಚೀಟಿ. ಲ್ಯಾಪ್‌ಟಾಪು, ಚಾರ್ಜರು, ಪವರ್ ಬ್ಯಾಂಕು. ನಮ್ಮ ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆಜಿಯ ಮಿತಿ. ರೈಲಿನಲ್ಲಿ ಹೋದರೂ ನನ್ನ ಲೆಕ್ಕ ಅದೇ.

ಇದರ ಸುಖ ದೊಡ್ಡದು. 8ಬಿ ಬಸ್ ನಿಲ್ದಾಣದಲ್ಲಿ ತುಂಬಿದ ಬಸ್ಸನ್ನೂ ಹತ್ತಬಹುದು. ವಿಮಾನ ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯಬೇಕಿಲ್ಲ. ಯಾವ ಊರಿನಲ್ಲೂ ಲಗೇಜಿನ ನೆಪದಲ್ಲಿ ಯಾರೂ ನಿಮ್ಮಿಂದ ಹೆಚ್ಚು ದುಡ್ಡು ಕೇಳುವಂತಿಲ್ಲ. ಒಬ್ಬಳೇ ಓಡಾಡುವ ಹೆಣ್ಣಿಗೆ ಎರಡೂ ಕೈ ಖಾಲಿ ಇರುವುದೇ ಒಂದು ಧೈರ್ಯ. ಇದ್ಯಾವುದನ್ನೂ ನಾನು ಹಿಂತೆಗೆದುಕೊಳ್ಳುತ್ತಿಲ್ಲ.

ಆದರೆ ಆ ಸಂಜೆ ಹೀಗಾಯಿತು. ನಾನು ಬಾಡಿಗೆಗಿರುವುದು ಬಿಜಯ್‌ಗಢದ ಒಂದು ಮನೆಯ ಮೇಲಿನ ಮಹಡಿಯಲ್ಲಿ. ಕೆಳಗಡೆ ಮನೆಯೊಡತಿ, ಎಲ್ಲರಂತೆ ನನಗೂ ಅವರು ಮಾಶಿಮಾ. ಎಪ್ಪತ್ತೆಂಟರ ಮಂಡಿನೋವಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಕೈಯಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಕಾಂಥಾ: ಸವೆದ ಸೀರೆಗಳನ್ನು ಪದರ ಪದರವಾಗಿಟ್ಟು ಕೈಯಲ್ಲಿ ಹೊಲಿದ ಹೊದಿಕೆ, ನಮ್ಮ ಕೌದಿಯ ಜಾತಿಯದ್ದೇ. ಅವರ ತಾಯಿಯ ಸೀರೆಗಳು, ತಾಯಿಯೇ ಹಾಕಿದ ಹೊಲಿಗೆ. ದೊಡ್ಡಪ್ಪನ ಮಗಳೊಬ್ಬರು ಢಾಕಾದಲ್ಲಿದ್ದಾರೆ, ಅವರಿಗೆ ಮುಟ್ಟಿಸಬೇಕು. "ನಿನ್ನ ಚೀಲದಲ್ಲಿ ಜಾಗ ಇದೆಯಾ, ಮಾ?"

ಜಾಗ ಇರಲಿಲ್ಲ. ನಿಜವಾಗಿಯೂ ಇರಲಿಲ್ಲ, ಜಿಪ್ಪು ಎಳೆದರೆ ಸರಿಯಾಗಿ ಮುಚ್ಚುವಷ್ಟೇ ತುಂಬಿದ್ದೆ. ಇನ್ನೊಂದು ಕೈಚೀಲ ಹಿಡಿಯಬಹುದಿತ್ತು. ನಾನು ಹೋಗುತ್ತಿದ್ದ ಮೈತ್ರಿ ಎಕ್ಸ್‌ಪ್ರೆಸ್ಸಿನಲ್ಲಿ ಒಬ್ಬರು 35 ಕೆಜಿಯವರೆಗೆ ಉಚಿತವಾಗಿ ಒಯ್ಯಬಹುದಿತ್ತು. ಆದರೆ ಒಂದೇ ಚೀಲ ಎಂಬುದು ನನ್ನ ನೇಮ. "ಈ ಸಲ ಆಗಲ್ಲ ಮಾಶಿಮಾ, ಮುಂದಿನ ಸಲ ಖಂಡಿತ. ಅವಸರ ಇದ್ದರೆ ಪಾರ್ಸೆಲ್ ಮಾಡೋಣ" ಅಂದೆ. ಅವರು ಗಂಟನ್ನು ಮತ್ತೆ ಕಟ್ಟುತ್ತಾ, "ಪಾರ್ಸೆಲ್ ಮಾಡಿದರೆ ಇದೊಂದು ಹೋಗುತ್ತೆ. ನೀನು ಹೋದರೆ ಅವಳನ್ನು ನೋಡಿಕೊಂಡು ಬರ್ತೀಯ ಅಂತ ಕೇಳಿದೆ" ಅಂದರು. ಬೇಸರ ತೋರಿಸಲಿಲ್ಲ.

ಢಾಕಾದಲ್ಲಿ ಫೆಬ್ರುವರಿ ಪೂರ್ತಿ ನಡೆಯುವ ಏಕುಶೆ ಪುಸ್ತಕ ಮೇಳ ನನ್ನ ಗುರಿ. ಬಂಗಾಳಿಯಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕುವವಳಿಗೆ ಅದು ಜಾತ್ರೆಯೇ. ಬರುವಾಗ ಐದು ಪುಸ್ತಕ ಕೊಂಡೆ, ಎರಡು ಕೆಜಿಗೂ ಮಿಕ್ಕಿ. ಬಟ್ಟೆಯ ಕೈಚೀಲವೊಂದರಲ್ಲಿ ಹಾಕಿ ಹೆಗಲಿಗೆ ನೇತುಹಾಕಿಕೊಂಡು ಬಂದೆ. ಭಾರ ಅನ್ನಿಸಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ಮೇಜಿನ ಮೇಲೆ ಇಡುವಾಗಷ್ಟೇ ನಾನು ಏನು ಮಾಡಿದೆ ಅಂತ ಹೊಳೆಯಿತು. ನೇಮ ಮುರಿಯಲು ನನ್ನದೇ ವಸ್ತು ಬೇಕಾಯಿತು.

ಮುಂದಿನ ಸಲ ಬರಲಿಲ್ಲ. 2024ರ ಜುಲೈನಲ್ಲಿ ಬಾಂಗ್ಲಾದೇಶದ ವಿದ್ಯಾರ್ಥಿ ಚಳವಳಿ ಭುಗಿಲೆದ್ದಾಗ ಮೈತ್ರಿ ಎಕ್ಸ್‌ಪ್ರೆಸ್ ನಿಂತಿತು. ಆಗಸ್ಟ್ 5ಕ್ಕೆ ಶೇಖ್ ಹಸೀನಾ ದೇಶ ಬಿಟ್ಟರು. 2008ರ ಏಪ್ರಿಲ್ 14ರಂದು, ಬಂಗಾಳಿ ಹೊಸ ವರ್ಷದ ಹೊತ್ತಿಗೆ ಶುರುವಾಗಿದ್ದ ಆ ರೈಲು ಮತ್ತೆ ಹೊರಟಿತೆಂಬ ಸುದ್ದಿ ನಮ್ಮ ಓಣಿಗೆ ಇನ್ನೂ ಬಂದಿಲ್ಲ. ವಿಮಾನಗಳೇನೋ ಇವೆ. ಆದರೆ ನನಗೆ ಅತ್ತ ಕೆಲಸ ಬರಲಿಲ್ಲ, ಊರಿನಿಂದ ಅಮ್ಮ ಬೇಡವೇ ಬೇಡ ಅಂದರು. ಕಾಂಥಾ ಕೆಳಗಿನ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆಯಲ್ಲಿದೆ. ಇಬ್ಬರು ಅಕ್ಕತಂಗಿಯರೂ ವಿಡಿಯೋ ಕರೆಯಲ್ಲಿ ಮಾತಾಡುತ್ತಾರೆ. ಇಬ್ಬರಿಗೂ ಎಪ್ಪತ್ತೈದು ದಾಟಿದೆ.

ಇಷ್ಟಾದ ಮೇಲೆ ನನಗನ್ನಿಸುವುದು ಇದು: ಕಡಿಮೆ ಹೊತ್ತು ತಿರುಗುವುದು ಒಳ್ಳೆಯ ಅನುಕೂಲ, ಆದರೆ ಅದು ಗುಣವಲ್ಲ. ಈಗ ಅದನ್ನು ಗುಣವೆಂದೇ ಮಾರುತ್ತಿದ್ದಾರೆ. ಒಂದು ಸಣ್ಣ ಚೀಲದಲ್ಲಿ ಲೋಕ ಸುತ್ತಿದವರ ಮಾತು ಕೇಳಿದರೆ ಚೀಲ ಕಿರಿದಾದಷ್ಟೂ ಮನಸ್ಸು ಹಿರಿದಾಗುತ್ತದೆ ಅನ್ನಿಸಬೇಕು. ನಾನೂ ಹಾಗೆ ನಂಬಿದ್ದೆ.

ಆ ಹಗುರ ಚೀಲದೊಳಗೆ ಕಾಣದ ತೂಕವಿದೆ. ಮೊದಲನೆಯದು ದುಡ್ಡು. ನಾನು ಕೊಡೆ ಒಯ್ಯುವುದಿಲ್ಲ, ಏಕೆಂದರೆ ಮಳೆ ಬಂದರೆ ಕೊಳ್ಳುತ್ತೇನೆ. "ಬೇಕಾದರೆ ಅಲ್ಲೇ ತಗೊಂಡರಾಯ್ತು" ಎಂಬ ಮಾತು ಜೇಬಿನಲ್ಲಿ ಕಾರ್ಡು ಇದ್ದವರ ಮಾತು. ಎರಡನೆಯದು ಪಾಸ್‌ಪೋರ್ಟು. ಹಲವು ದೇಶಗಳವರು ಯೂರೋಪಿಗೆ ಚೀಲವೊಂದನ್ನು ಹಾಕಿಕೊಂಡು ಹೊರಟುಬಿಡುತ್ತಾರೆ. ನಮ್ಮ ಪಾಸ್‌ಪೋರ್ಟಿನವರು ಷೆಂಗೆನ್ ವೀಸಾಕ್ಕೆ ಬ್ಯಾಂಕಿನ ಲೆಕ್ಕ, ಹೋಟೆಲಿನ ಕಾಗದ, ಕನಿಷ್ಠ 30,000 ಯೂರೋ ವಿಮೆ ಎಲ್ಲ ಜೋಡಿಸಬೇಕು. ನನ್ನಂಥ ಸ್ವತಂತ್ರ ಕೆಲಸದವರು ಸಂಬಳದ ಚೀಟಿಯಿಲ್ಲದೆ ತಮ್ಮ ಬದುಕನ್ನೇ ದಾಖಲೆ ಮಾಡಿ ತೋರಿಸಬೇಕು. ಬೆನ್ನ ಮೇಲೆ ಆರು ಕೆಜಿ ಬರುವ ಮೊದಲೇ ಕಡತ ದಪ್ಪವಾಗಿರುತ್ತದೆ.

"ನಮ್ಮಲ್ಲೂ ಜಂಗಮರಿಗೆ ಒಂದು ಜೋಳಿಗೆಯೇ ಅಲ್ಲವೇ?" ಅಂತ ಗೆಳತಿಯೊಬ್ಬಳು ಕೇಳಿದಳು. ಹೌದು. ಆದರೆ ಜೋಳಿಗೆ ಹಗುರವಾಗಿದ್ದದ್ದು ದಾರಿಯುದ್ದಕ್ಕೂ ಅದಕ್ಕೆ ಹಿಟ್ಟು ಹಾಕುವ ಮನೆಗಳಿದ್ದವು ಅಂತ. ಅದು ಊರನ್ನು ನಂಬಿದ ಚೀಲ. ನನ್ನದು ಯಾರ ಹಂಗೂ ಬೇಡ ಎನ್ನುವ ಚೀಲ. ಎರಡರ ತೂಕ ಒಂದೇ ಇರಬಹುದು, ಜಾತಿ ಬೇರೆ.

ನಾನು ಬೆಳೆದ ಕರಾವಳಿಯಲ್ಲಿ ವಿದೇಶ ಪ್ರಯಾಣವೆಂದರೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ನನ್ನ ಸೋದರಮಾವ ದುಬೈಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿದ್ದರು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವವರೆಗೆ ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋಗಿ ವಿಮಾನ ಹಿಡಿಯುತ್ತಿದ್ದರು. ಹೊರಡುವ ಹಿಂದಿನ ದಿನ ನಮ್ಮ ಜಗಲಿಯಲ್ಲಿ ಸ್ಪ್ರಿಂಗ್ ತಕ್ಕಡಿ ತೂಗಾಡುತ್ತಿತ್ತು. ಅವರ ಸ್ವಂತದ್ದು ಎರಡು ಲುಂಗಿ, ಮೂರು ಅಂಗಿ. ಉಳಿದದ್ದೆಲ್ಲ ಊರಿನವರ ಪೊಟ್ಟಣ, ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು: ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ, ಯಾರದೋ ಬಾಣಂತಿಗೆ ಲೇಹ್ಯ. ಅಮ್ಮ ಗೊಣಗಿದರೆ ಮಾವ, "ಹೆಂಗೂ ಹೋತೆ ಅಲ್ದಾ, ನಾಲ್ಕ್ ಹಪ್ಪಳ ನಂಗ್ ಭಾರ ಆತ್ತಾ?" ಅನ್ನುತ್ತಿದ್ದರು. ಅಲ್ಲಿ ಇಳಿದ ಮೇಲೆ ರಜೆಯ ದಿನಗಳಲ್ಲಿ ಮನೆ ಮನೆಗೆ ಮುಟ್ಟಿಸಿ ಬರುತ್ತಿದ್ದರಂತೆ. ಹೊಸದಾಗಿ ಬಂದ ಹುಡುಗನಿಗೆ ಕೆಲಸ ಸಿಕ್ಕಿತೋ ಇಲ್ಲವೋ, ಯಾರಿಗೆ ಜ್ವರ, ಯಾರಿಗೆ ಸಂಬಳ ಬಂದಿಲ್ಲ ಎಂಬ ಸುದ್ದಿಯೆಲ್ಲ ಊರಿಗೆ ಬರುತ್ತಿದ್ದದ್ದು ಹೀಗೆ. ಮಾಶಿಮಾ ಕೇಳಿದ್ದೂ ಅದನ್ನೇ.

ಇನ್ನು ಈ ಜಾದವ್‌ಪುರ. ಒಂದೇ ಗಂಟಿನಲ್ಲಿ ದೇಶ ದಾಟಿದವರು ಕಟ್ಟಿದ ಊರುಗಳು ಇಲ್ಲಿ ಸಾಲಾಗಿವೆ: ಬಿಜಯ್‌ಗಢ, ಆಜಾದ್‌ಗಢ, ನೇತಾಜಿ ನಗರ. ಎರಡನೇ ಮಹಾಯುದ್ಧ ಮುಗಿದು ಖಾಲಿ ಬಿದ್ದಿದ್ದ ಸೇನೆಯ ಶೆಡ್ಡುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿ ಬೆಳೆದದ್ದು ಬಿಜಯ್‌ಗಢ. ಮಾಶಿಮಾರ ಮನೆಯವರು 1950ರ ಗಲಭೆಯ ಹೊತ್ತಿಗೆ ಬಾರಿಸಾಲ್ ಬಿಟ್ಟವರು. ಖುಲ್ನಾದವರೆಗೆ ಸ್ಟೀಮರು, ಅಲ್ಲಿಂದ ಸಿಯಾಲ್ದಾಕ್ಕೆ ರೈಲು. ಆಗ ಪಾಸ್‌ಪೋರ್ಟು ಬೇಕಿರಲಿಲ್ಲ. ಪೂರ್ವ ಬಂಗಾಳದ ಗಡಿಗೆ ಅದು ಬಂದದ್ದು 1952ರ ಅಕ್ಟೋಬರಿನಲ್ಲಿ. ಅವರ ತಾಯಿ ತಂದದ್ದು ಒಂದು ಟ್ರಂಕು, ಮಡಿಲಲ್ಲಿ ನಾಲ್ಕು ವರ್ಷದ ಈ ಮಗಳು, ಸೀರೆಯಲ್ಲಿ ಸುತ್ತಿದ ಬೋಟಿ. ಬೋಟಿಯೆಂದರೆ ನೆಲದಲ್ಲಿ ಕೂತು ಮೀನು ತರಕಾರಿ ಹೆಚ್ಚುವ ಮೆಟ್ಟುಗತ್ತಿ. ಇವತ್ತು ಅದನ್ನು ಕೈಚೀಲದಲ್ಲಿಟ್ಟುಕೊಂಡು ಯಾವ ವಿಮಾನವನ್ನೂ ಹತ್ತಲಾಗದು. "ಮಿಕ್ಕಿದ್ದೆಲ್ಲ ಬಿಟ್ಟು ಬೋಟಿ ಯಾಕೆ ತಂದರು?" ಅಂತ ಕೇಳಿದ್ದೆ. "ಹೋದ ಕಡೆ ಮಕ್ಕಳಿಗೆ ಅಡುಗೆ ಮಾಡಬೇಕಲ್ಲ" ಅಂದರು. ಈ ಓಣಿಯಲ್ಲಿ ನಿಂತು ಕಡಿಮೆ ಸಾಮಾನಿನ ಹಿರಿಮೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ನಾನು ಬಿಟ್ಟುಹೋಗುವುದೆಲ್ಲ ತಿರುಗಿ ಬಂದಾಗ ಇದ್ದಲ್ಲೇ ಇರುತ್ತದೆ. ಅದಕ್ಕೇ ಬಿಟ್ಟುಹೋಗುವುದು ಸುಲಭ.

ಬಂಗಾಳಿಯಲ್ಲಿ 'ಬೋಝಾ' ಎಂಬ ಪದವಿದೆ. ಅದಕ್ಕೆ ಹೊರೆ ಎಂಬ ಅರ್ಥ, ತಿಳಿದುಕೊಳ್ಳುವುದು ಎಂಬ ಅರ್ಥವೂ. ಮೂಲ ಬೇರೆ ಬೇರೆ. ತಿಳಿಯುವ ಬೋಝಾ ಬಂದದ್ದು ಸಂಸ್ಕೃತದ 'ಬುಧ್' ಧಾತುವಿನಿಂದ. ಕನ್ನಡದಲ್ಲೂ ಇಂಥದ್ದೊಂದು ಉಂಟು. ತಲೆಯ ಮೇಲೆ ಹೊರುವ ಹೊರೆ, ನೆರೆಹೊರೆಯಲ್ಲಿನ ಹೊರೆ. ಎರಡನೆಯದಕ್ಕೆ ಹತ್ತಿರ, ಬಳಿ ಎಂಬ ಅರ್ಥ. ಹಳಗನ್ನಡದಲ್ಲಿ ಭಾರದ ಹೊರೆಗೆ 'ಱ' ಇತ್ತು; ಅದು ಬಳಕೆಯಿಂದ ಹೋದ ಮೇಲೆ ಎರಡೂ ಒಂದೇ ಆದವು. ಇದು ಬರೀ ಸದ್ದಿನ ಆಕಸ್ಮಿಕ, ಇದರಿಂದ ತತ್ವ ಹೊರಡಿಸಬಾರದು ಅಂತಲೇ ಭಾಷಾಶಾಸ್ತ್ರದ ಎಂ.ಎ.ಯಲ್ಲಿ ಕಲಿತವಳು ನಾನು. ಆದರೂ ಇವೆರಡು ಪದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೇರೆಯವರ ಗಂಟು ಹೊರುವುದರಲ್ಲಿ ಅಪಾಯವಿಲ್ಲದಿಲ್ಲ. ನಮ್ಮ ಪಾಯಸದ ಗಸಗಸೆ, ಬಂಗಾಳಿಗಳ ಪ್ರಾಣವಾದ ಪೋಸ್ತೊ ಎರಡೂ ಒಂದೇ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ ಮಾದಕದ ಲೆಕ್ಕ, ಚೀಲದಲ್ಲಿ ಸಿಕ್ಕರೆ ಜೈಲಾಗಬಹುದು. ಅಧಿಕಾರಿಗಳ ಮುಂದೆ "ಪಕ್ಕದ ಮನೆಯವರು ಕೊಟ್ಟದ್ದು" ಎಂಬ ಮಾತು ನಡೆಯುವುದಿಲ್ಲ. ಹಾಗಾಗಿ ಗುರುತಿಲ್ಲದವರ ವಸ್ತು ಬೇಡ. ಗುರುತಿದ್ದವರದ್ದಾದರೂ ಅಂಟು ಹಾಕಿ ಮುಚ್ಚಿದ ಪೊಟ್ಟಣ ಬೇಡ. ಎದುರಿಗೇ ಬಿಚ್ಚಿಸಿ, ನೋಡಿ, ನೀವೇ ಕಟ್ಟಿ. ಹೋಗುವ ದೇಶದ ನಿಷೇಧದ ಪಟ್ಟಿ ಓದಿ. ಇಷ್ಟು ಹೇಳಿದರೆ ನೆರೆಯವರು ಬೇಸರಿಸುವುದಿಲ್ಲ. ಬೇಸರಿಸುವವರ ಗಂಟನ್ನು ಒಯ್ಯದಿದ್ದರೂ ನಡೆದೀತು.

ಚೀಲ ನಾನು ಬದಲಿಸಿಲ್ಲ. ಈಗಲೂ ಅದೇ ಬೈರಾಸ, ಅದೇ ಸಾಬೂನು. ಬದಲಾದದ್ದು ಲೆಕ್ಕ. ನನ್ನದು ನಾಲ್ಕೂವರೆ ಕೆಜಿಗೆ ಇಳಿದಿದೆ, ಮೇಲಿನ ಒಂದೂವರೆ ಖಾಲಿ. ಹೊರಡುವ ವಾರ ಮೊದಲೇ ಮೇಲಿನವರಿಗೂ ಕೆಳಗಿನವರಿಗೂ ಹೇಳುತ್ತೇನೆ: ಇಂಥ ಊರಿಗೆ ಹೋಗುತ್ತಿದ್ದೇನೆ, ಏನಾದರೂ ಇದೆಯಾ? ಹೆಚ್ಚಿನ ಸಲ ಏನೂ ಇರುವುದಿಲ್ಲ. ಚೀಲ ಅಷ್ಟು ಸಡಿಲವಾಗೇ ಹೋಗಿಬರುತ್ತದೆ. ಕಡಿಮೆ ಒಯ್ಯುವ ವಿದ್ಯೆ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಸಿಕ್ಕಿಲ್ಲ.

ಹೋದ ಚಳಿಗಾಲದಲ್ಲಿ ಮಾಶಿಮಾ ಕಾಂಥಾವನ್ನು ತಾರಸಿಯಲ್ಲಿ ಬಿಸಿಲಿಗೆ ಹಾಕಿದ್ದರು. ಕೇಳಿ ತೆಗೆದುಕೊಂಡು ಹೋಗಿ ಅದೇ ಅಂಗಡಿಯಲ್ಲಿ ತೂಗಿಸಿದೆ. ಒಂದು ಕೆಜಿ ನಾನೂರು ಗ್ರಾಂ. ಢಾಕಾಕ್ಕೆ ಹೊರಡುವ ದಿನ ಬಂದರೆ ಮೊದಲು ಚೀಲಕ್ಕೆ ಹೋಗುವುದು ಅದು. ಉಳಿದ ಜಾಗದಲ್ಲಿ ನನ್ನ ಬಟ್ಟೆ.