ಕಾನೂನು ವ್ಯಾಸಂಗದ ಪ್ರವೇಶಾಂಕಗಳು

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಕಾಲ ಬಂದಿತೆಂದರೆ, ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಒಂದು ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ದೊಡ್ಡ ವಿಚಾರಣೆಯೇ ಆರಂಭವಾಗುತ್ತದೆ. ಕ್ಲ್ಯಾಟ್ ಎಂದು ಪ್ರಸಿದ್ಧವಾಗಿರುವ ಈ ಪರೀಕ್ಷೆಯ ಅಂಕವನ್ನು ಕೆಲವರು ಮಗನ ಜಾತಕದಂತೆ ಓದುತ್ತಾರೆ. ಮತ್ತೆ ಕೆಲವರು ಬಂಧುಗಳ ಮನೆಯ ಹುಡುಗನೊಬ್ಬನು ನಾಲ್ಕು ವರ್ಷಗಳ ಹಿಂದೆ ಗಳಿಸಿದ ಅಂಕವನ್ನು ಎತ್ತಿ ತೋರಿಸಿ ಮಗಳನ್ನು ಹಳಿಯುತ್ತಾರೆ. ಇವೆರಡೂ ವಿಚಾರಕ್ಕೆ ನಿಲ್ಲತಕ್ಕ ಮಾತುಗಳಲ್ಲ. ಈ ಅಂಕವು ಹೇಗೆ ಹುಟ್ಟುತ್ತದೆ, ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ವಾಚಕರ ಮುಂದಿಡುವುದೂ, ಪರೀಕ್ಷೆಯನ್ನು ನಡೆಸುವವರು ನಮ್ಮ ಮಕ್ಕಳಿಗೆ ಸಲ್ಲಿಸಬೇಕಾದ ನ್ಯಾಯವಾವುದೆಂಬುದನ್ನು ಹೇಳುವುದೂ ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ವಿಷಯವು ಕನ್ನಡ ನಾಡಿಗೆ ಹೊರಗಿನದಲ್ಲ. ಕಾನೂನು ವ್ಯಾಸಂಗಕ್ಕೇ ಮೀಸಲಾದ ರಾಷ್ಟ್ರೀಯ ವಿದ್ಯಾಲಯವು ಮೊತ್ತಮೊದಲು ತಲೆಯೆತ್ತಿದುದು ಬೆಂಗಳೂರಿನಲ್ಲಿಯೇ. ಕರ್ನಾಟಕ ಶಾಸನಸಭೆಯ 1986ರ ಕಾಯಿದೆಯಿಂದ ಹುಟ್ಟಿದ ಆ ಸಂಸ್ಥೆಯು ಡಾ. ಎನ್. ಆರ್. ಮಾಧವ ಮೆನನ್ನರ ನೇತೃತ್ವದಲ್ಲಿ 1988ರಲ್ಲಿ ಪಾಠಗಳನ್ನು ಆರಂಭಿಸಿತು. ಅದನ್ನು ನೋಡಿ ಇತರ ಪ್ರಾಂತಗಳೂ ಅಂಥ ವಿದ್ಯಾಲಯಗಳನ್ನು ಸ್ಥಾಪಿಸಿದವು. ಪ್ರತಿಯೊಂದೂ ತನ್ನದೇ ಆದ ಪರೀಕ್ಷೆಯನ್ನು ನಡೆಸುತ್ತಿದ್ದುದರಿಂದ ವಿದ್ಯಾರ್ಥಿಗಳು ಊರಿಂದೂರಿಗೆ ಅಲೆಯಬೇಕಾಗಿತ್ತು. 2006ರಲ್ಲಿ ಈ ಕಷ್ಟವು ಸುಪ್ರೀಮ್ ಕೋರ್ಟಿನ ಮೆಟ್ಟಿಲನ್ನು ಹತ್ತಿತು. ಅದರ ಫಲವಾಗಿ 2008ರಲ್ಲಿ ಏಳು ವಿದ್ಯಾಲಯಗಳು ಕೂಡಿ ಒಂದೇ ಪರೀಕ್ಷೆಯನ್ನು ಏರ್ಪಡಿಸಿದವು. ಆ ಮೊದಲ ಪರೀಕ್ಷೆಯನ್ನು ನಡೆಸಿದುದೂ ಬೆಂಗಳೂರಿನ ವಿದ್ಯಾಲಯವೇ. 2017ರಲ್ಲಿ ಸ್ಥಾಪಿತವಾದ ವಿದ್ಯಾಲಯಗಳ ಒಕ್ಕೂಟವು ಬೆಂಗಳೂರಿನಿಂದಲೇ ಕಾರ್ಯ ನಡೆಸುತ್ತಿದೆ.

ಮೊದಲು ಅಂಕದ ಲೆಕ್ಕವನ್ನು ನೋಡೋಣ. ಈ ಪರೀಕ್ಷೆಗೆ 2019ರ ವರೆಗೆ 200 ಪ್ರಶ್ನೆಗಳಿದ್ದವು. 2020ರಲ್ಲಿ ಅವು 150ಕ್ಕೆ ಇಳಿದವು. 2024ರ ಪ್ರವೇಶಕ್ಕಾಗಿ ನಡೆದ ಪರೀಕ್ಷೆಯಲ್ಲಿ 120 ಆದವು. ಆದುದರಿಂದ 2022ರ 90 ಅಂಕಕ್ಕೂ 2025ರ 90 ಅಂಕಕ್ಕೂ ಹೆಸರೊಂದೇ ಹೊರತು ಬೆಲೆಯೊಂದಲ್ಲ. ಒಟ್ಟು ಅಂಕಗಳು ಸಮನಾಗಿರುವ ವರ್ಷಗಳಲ್ಲಿ ಸಹ ಪ್ರಶ್ನೆಗಳು ಸುಲಭವಾಗಿದ್ದರೆ ಎಲ್ಲರ ಅಂಕವೂ ಏರುತ್ತದೆ, ಕಠಿಣವಾಗಿದ್ದರೆ ಎಲ್ಲರದೂ ಇಳಿಯುತ್ತದೆ. ಹೊಳೆಗೆ ನೀರು ಬಂದಾಗ ದೋಣಿಗಳೆಲ್ಲ ಒಟ್ಟಿಗೆ ಮೇಲೇರುವುವು. ಅದರಿಂದ ಯಾವ ದೋಣಿಯೂ ದೊಡ್ಡದಾಗುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಅಂಕವಲ್ಲ, ಆ ವರ್ಷದ ಸ್ಪರ್ಧಿಗಳ ಸಾಲಿನಲ್ಲಿ ದೊರೆತ ಸ್ಥಾನ. ಅಂಕವು ಸರತಿಯಲ್ಲಿ ನಿಲ್ಲಲು ಕೊಟ್ಟ ಚೀಟಿಯೇ ಹೊರತು ಯೋಗ್ಯತೆಯನ್ನು ತೂಗುವ ತಕ್ಕಡಿಯಲ್ಲ.

ಆ ಸರತಿಯೂ ಎಷ್ಟು ಇಕ್ಕಟ್ಟಾದುದೆಂಬುದನ್ನು ಗಮನಿಸಬೇಕು. ಸರಿಯುತ್ತರಕ್ಕೆ ಒಂದು ಅಂಕ. ತಪ್ಪುತ್ತರಕ್ಕೆ ಕಾಲು ಅಂಕ ಕಡಿತ. ಎಂದಮೇಲೆ 90 ಅಂಕದಿಂದ 100 ಅಂಕದವರೆಗೆ ಇರುವ ಮೆಟ್ಟಿಲುಗಳು ಕೇವಲ 41. ಪರೀಕ್ಷೆಗೆ ಕೂಡುವವರಾದರೋ ಹತ್ತಾರು ಸಾವಿರ ಮಂದಿ. ಒಂದೊಂದು ಮೆಟ್ಟಿಲ ಮೇಲೂ ಅನೇಕರು ಒತ್ತೊತ್ತಾಗಿ ನಿಲ್ಲುವುದು ಅನಿವಾರ್ಯ. ಸಮಾನಾಂಕ ಬಂದವರಲ್ಲಿ ಕಾನೂನಿನ ತರ್ಕಕ್ಕೆ ಸಂಬಂಧಿಸಿದ ಭಾಗದಲ್ಲಿ ಹೆಚ್ಚು ಅಂಕ ಪಡೆದವರಿಗೆ ಮುನ್ನಡೆ. ಅದೂ ಸಮನಾದರೆ ವಯಸ್ಸಿನಲ್ಲಿ ಹಿರಿಯರಿಗೆ. ಅದೂ ಸಮನಾದರೆ ಯಂತ್ರದ ಮೂಲಕ ಚೀಟಿಯೆತ್ತುವುದೇ ನಿಯಮ. ಹುಟ್ಟಿದ ದಿನಾಂಕವೂ ಚೀಟಿಯೂ ಸ್ಥಾನವನ್ನು ನಿರ್ಣಯಿಸಬಹುದಾದ ಪಟ್ಟಿಯಲ್ಲಿ ಹತ್ತು ಸ್ಥಾನ ಹಿಂದೆ ಬಿದ್ದ ಮಗುವು ಹತ್ತು ಪಾಲು ದಡ್ಡನೆಂದು ತಿಳಿಯುವ ತಂದೆತಾಯಿಗಳು ಎಂಥ ಅನ್ಯಾಯವನ್ನು ಮಾಡುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಕಡಿತದ ವಿಷಯದಲ್ಲಿಯೂ ವೃಥಾ ಭಯವುಂಟು. ತಿಳಿಯದ 16 ಪ್ರಶ್ನೆಗಳಿಗೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಗುರುತಿಸಿದರೆ, ಸರಾಸರಿಯಲ್ಲಿ 4 ಸರಿಯಾಗಿ 12 ತಪ್ಪಾಗುವುವು. ಬಂದ 4 ಅಂಕಗಳಲ್ಲಿ 3 ಕಡಿತವಾದರೂ ಒಂದು ಅಂಕ ಉಳಿಯುತ್ತದೆ. ನಾಲ್ಕರಲ್ಲಿ ಎರಡು ಉತ್ತರಗಳು ಖಂಡಿತ ತಪ್ಪೆಂದು ತಿಳಿದ ವಿದ್ಯಾರ್ಥಿಗಂತೂ ಊಹೆಯಿಂದ ಲಾಭವೇ ಹೆಚ್ಚು. ಈ ಗುಟ್ಟನ್ನು ಭಾರಿ ಶುಲ್ಕ ತೆತ್ತು ತರಬೇತಿ ಪಡೆದವರು ಬಲ್ಲರು. ಹಳ್ಳಿಯಿಂದ ಬಂದ ಪ್ರಾಮಾಣಿಕ ಹುಡುಗನು ತಿಳಿಯದುದನ್ನು ಬರೆಯಬಾರದೆಂದು ಖಾಲಿ ಬಿಟ್ಟು ಬರುತ್ತಾನೆ. ಇಬ್ಬರ ನಡುವೆ ಕಾಣುವ ಒಂದೆರಡು ಅಂಕಗಳ ಅಂತರವು ಎಷ್ಟೋ ವೇಳೆ ವಿದ್ಯೆಯ ಅಂತರವಾಗಿರದೆ ಉಪಾಯದ ಅಂತರವಾಗಿರಬಹುದು.

ಪ್ರಶ್ನೆಪತ್ರವೇ ತಪ್ಪಾದರೆ ಏನಾಗುವುದೆಂಬುದನ್ನೂ ನಾವು ಕಂಡಿದ್ದೇವೆ. 2018ರಲ್ಲಿ ಗಣಕಯಂತ್ರಗಳು ಕೈಕೊಟ್ಟು, ಕಳೆದುಹೋದ ಕಾಲಕ್ಕೆ ಪ್ರತಿಯಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಗೆ ಅಂಕ ಸರಿಪಡಿಸಬೇಕಾಯಿತು. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಕಥೆಯು ಇನ್ನೂ ದೀರ್ಘವಾದುದು. ಆ ತಿಂಗಳಿನಲ್ಲಿಯೇ ದೆಹಲಿಯ ಹೈಕೋರ್ಟು ಎರಡು ಪ್ರಶ್ನೆಗಳ ಉತ್ತರ ತಪ್ಪೆಂದು ಕಂಡಿತು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ತಕರಾರುಗಳನ್ನು ಸುಪ್ರೀಮ್ ಕೋರ್ಟು ದೆಹಲಿಗೆ ವರ್ಗಾಯಿಸಿತು. 2025ರ ಏಪ್ರಿಲ್ 23ರಂದು ಅಲ್ಲಿ ತೀರ್ಪಾಯಿತು. ಮೇ 7ರಂದು ಸುಪ್ರೀಮ್ ಕೋರ್ಟು ಅದನ್ನೂ ಮಾರ್ಪಡಿಸಿ, ಪ್ರಶ್ನೆಗಳನ್ನು ರಚಿಸುವುದರಲ್ಲಿ ಒಕ್ಕೂಟವು ತೋರಿದ ಉದಾಸೀನಕ್ಕಾಗಿ ಅಸಮಾಧಾನವನ್ನು ಸೂಚಿಸಿತು. ಐದು ತಿಂಗಳಿಗೂ ಮಿಕ್ಕಿ ಸಾವಿರಾರು ಮಕ್ಕಳು ತಮ್ಮ ಸ್ಥಾನವಾವುದೆಂದು ತಿಳಿಯದೆ ಕುಳಿತಿದ್ದರು. ಉತ್ತರ ತಪ್ಪಾದುದು ಒಂದೇ ಪ್ರಶ್ನೆಗಾದರೂ ನಷ್ಟ ಅಲ್ಪವಲ್ಲ. ನಿಜವಾಗಿ ಸರಿಯುತ್ತರ ಬರೆದವನಿಗೆ ಒಂದು ಅಂಕ ಸಲ್ಲುವ ಬದಲು ಕಾಲು ಅಂಕ ಕಡಿತವಾಗುತ್ತದೆ; ತಪ್ಪು ಬರೆದವನಿಗೆ ಕಡಿತವಾಗುವ ಬದಲು ಒಂದು ಅಂಕ ದೊರೆಯುತ್ತದೆ. ಇಬ್ಬರ ನಡುವೆ ಎರಡೂವರೆ ಅಂಕಗಳ ಅಂತರ ಏರುಪೇರಾಗುತ್ತದೆ. ಕಾಲು ಅಂಕಕ್ಕೆ ಸ್ಥಾನ ಬದಲಾಗುವ ಸಾಲಿನಲ್ಲಿ ಇದರ ಪರಿಣಾಮವೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ನ್ಯಾಯವನ್ನು ಬೋಧಿಸುವ ಸಂಸ್ಥೆಗಳ ಬಾಗಿಲಲ್ಲಿಯೇ ಇಂಥ ಅನ್ಯಾಯ ನಡೆಯುವುದು ಶೋಭೆಯಲ್ಲ.

ಹೊರದೇಶದ ಪದ್ಧತಿಯೊಂದನ್ನು ಇಲ್ಲಿ ಹೋಲಿಸಿ ನೋಡುವುದು ಉಚಿತ. ಅಮೇರಿಕದಲ್ಲಿ 1948ರಿಂದ ನಡೆದುಬಂದಿರುವ ಎಲ್‌ಸ್ಯಾಟ್ ಎಂಬ ಪರೀಕ್ಷೆಯ ಅಂಕವು 120ರಿಂದ 180ರ ವರೆಗೆ ಇರುತ್ತದೆ. ಬೇರೆ ಬೇರೆ ದಿನ ನಡೆದ ಪರೀಕ್ಷೆಗಳ ಕಾಠಿಣ್ಯವನ್ನು ತೂಗಿ ಅಂಕಗಳನ್ನು ಸಮನಾದ ಅಳತೆಗೆ ತರುತ್ತಾರೆ; ನೂರಕ್ಕೆ ಎಷ್ಟು ಮಂದಿ ಅದಕ್ಕಿಂತ ಕೆಳಗಿದ್ದಾರೆಂಬುದನ್ನು ತಿಳಿಸುತ್ತಾರೆ; ಅಭ್ಯರ್ಥಿಯ ನಿಜವಾದ ಸಾಮರ್ಥ್ಯವು ಅಂಕದ ಆಚೀಚೆ ಎಷ್ಟರೊಳಗೆ ಇರಬಹುದೆಂಬ ಎಲ್ಲೆಯನ್ನೂ ಕಾಣಿಸುತ್ತಾರೆ. ಈ ಅಂಕವೊಂದನ್ನೇ ನೆಚ್ಚಿ ಪ್ರವೇಶವನ್ನು ತೀರ್ಮಾನಿಸಕೂಡದೆಂದು ಪರೀಕ್ಷೆ ನಡೆಸುವವರೇ ಕಾಲೇಜುಗಳಿಗೆ ಎಚ್ಚರಿಕೆ ಕೊಟ್ಟಿದ್ದಾರೆ. ನಮ್ಮಲ್ಲಿ ಶಿಫಾರಸಿನ ಪಿಡುಗು ಇರುವುದರಿಂದ ಪ್ರವೇಶವನ್ನು ಅಂಕಕ್ಕೆ ಬಿಟ್ಟಿರುವುದೇ ಕ್ಷೇಮವೆಂಬ ವಾದವನ್ನು ನಾವೂ ಒಪ್ಪುತ್ತೇವೆ. ಆದರೆ ಎಲ್ಲವನ್ನೂ ಅಂಕಕ್ಕೆ ಒಪ್ಪಿಸಿದಮೇಲೆ ಆ ಅಂಕವನ್ನು ನಿರ್ದುಷ್ಟವಾಗಿಡುವ ಹೊಣೆಯು ಇಮ್ಮಡಿಯಾಗುವುದಲ್ಲವೆ?

ಇನ್ನು ಭಾಷೆಯ ಪ್ರಶ್ನೆ. ಸುಮಾರು 450 ಪದಗಳ ಇಂಗ್ಲಿಷ್ ಗದ್ಯಖಂಡಗಳನ್ನು ಒಂದಾದಮೇಲೊಂದರಂತೆ ಓದಿ, 120 ನಿಮಿಷಗಳಲ್ಲಿ 120 ಪ್ರಶ್ನೆಗಳಿಗೆ ಉತ್ತರಿಸಬೇಕು. ತರ್ಕದ ಪ್ರಶ್ನೆಯೂ, ಲೆಕ್ಕದ ಪ್ರಶ್ನೆಯೂ ಇಂಗ್ಲಿಷಿನ ಮೂಲಕವೇ. ಕನ್ನಡದಲ್ಲಿ ಓದಿ ಬೆಳೆದ ರಾಯಚೂರಿನ ಅಥವಾ ಚಾಮರಾಜನಗರದ ಹುಡುಗಿಗೆ ಕಡಮೆ ಅಂಕ ಬಂದರೆ, ಅದು ತರ್ಕದ ಕೊರತೆಯೋ ಇಂಗ್ಲಿಷನ್ನು ವೇಗವಾಗಿ ಓದಲಾರದ ಕೊರತೆಯೋ ಎಂಬುದನ್ನು ಆ ಅಂಕವು ಬೇರ್ಪಡಿಸಿ ತಿಳಿಸಲಾರದು. ವಿದ್ಯಾಲಯದ ಪಾಠಗಳು ಇಂಗ್ಲಿಷಿನಲ್ಲಿರುವಾಗ ಪರೀಕ್ಷೆಯೂ ಹಾಗೆಯೇ ಇರಬೇಕೆಂದು ಪ್ರತಿವಾದಿಗಳು ಹೇಳುತ್ತಾರೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇಂಜಿನಿಯರಿಂಗಿನ ಜೆಇಇ ಮುಖ್ಯ ಪರೀಕ್ಷೆಯನ್ನೂ ಬರೆಯಬಹುದು. ಅಷ್ಟೇ ಏಕೆ, ಕಾನೂನಿನ ಪದವಿ ಪಡೆದಮೇಲೆ ವಕೀಲಿಗೆ ಅರ್ಹತೆ ಕೊಡುವ ಅಖಿಲ ಭಾರತ ಬಾರ್ ಪರೀಕ್ಷೆಗೂ ಕನ್ನಡದ ಅನುಕೂಲವುಂಟು. ಹೊರಬರುವ ಬಾಗಿಲಲ್ಲಿ ಸಲ್ಲುವ ಭಾಷೆಯು ಒಳಹೋಗುವ ಬಾಗಿಲಲ್ಲಿ ಸಲ್ಲದೆಂಬುದು ಯಾವ ನ್ಯಾಯ? ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವ ರೈತನು ಕನ್ನಡದಲ್ಲಿಯೇ ನುಡಿಯುತ್ತಾನೆ. ಅವನ ಮಾತಿನ ಮರ್ಮವನ್ನರಿಯುವ ಬುದ್ಧಿಯು ವಕೀಲನಿಗೆ ಬೇಡವೆ? ಬೇಕಾದರೆ ಇಂಗ್ಲಿಷ್ ಜ್ಞಾನಕ್ಕೆ ಮೀಸಲಾದ ಒಂದು ಭಾಗವಿರಲಿ. ತರ್ಕವನ್ನೂ ಲೆಕ್ಕವನ್ನೂ ಕನ್ನಡದಲ್ಲಿ ಕೇಳಲಿ.

ಕರ್ನಾಟಕದ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಶೇಷವೊಂದುಂಟು. ಬೆಂಗಳೂರಿನ ವಿದ್ಯಾಲಯದಲ್ಲಿ ಇಲ್ಲಿನ ವಿದ್ಯಾರ್ಥಿಗಳಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಡಬೇಕೆಂದು ಶಾಸನಸಭೆಯು 2020ರಲ್ಲಿ ಮಾಡಿದ ತಿದ್ದುಪಡಿಯನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ರದ್ದುಗೊಳಿಸಿತು. ಮರುವರ್ಷ ವಿದ್ಯಾಲಯವು ತಾನಾಗಿಯೇ ಆ ಪ್ರಮಾಣದ ಮೀಸಲಾತಿಯನ್ನು ಜಾರಿಗೆ ತಂದಿತು. ಈ ರಾಜ್ಯದ ಮಾನ್ಯತೆ ಪಡೆದ ಶಾಲೆಗಳಲ್ಲಿ ಹತ್ತು ವರ್ಷಗಳಿಗೆ ಕಡಮೆಯಿಲ್ಲದಂತೆ ಓದಿದವರು ಅದಕ್ಕೆ ಅರ್ಹರು. ಆದಕಾರಣ ಸಾಮಾನ್ಯ ಪಟ್ಟಿಯ ಕಡೆಯ ಸ್ಥಾನವನ್ನು ನೋಡಿ ಎದೆಗುಂದುವುದು ಸಲ್ಲದು. ತಮಗೆ ಅನ್ವಯಿಸುವ ವರ್ಗದಲ್ಲಿ ಹಿಂದಿನ ವರ್ಷಗಳ ಪ್ರವೇಶವು ಎಷ್ಟನೆಯ ಸ್ಥಾನದವರೆಗೆ ಇಳಿಯಿತೆಂಬುದನ್ನೇ ಪರಿಶೀಲಿಸಬೇಕು. ಅಲ್ಲಿಯೂ ದೊರೆಯದವರಿಗೆ ವಕೀಲಿಯ ದಾರಿಯೇ ಮುಚ್ಚಿತೆಂದಲ್ಲ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳು ಊರೂರುಗಳಲ್ಲಿವೆ. ಯಾವ ಕಾಲೇಜಿನಿಂದ ಬಂದವರಾದರೂ ಬರೆಯುವ ಬಾರ್ ಪರೀಕ್ಷೆ ಒಂದೇ. ತೊಡುವ ನಿಲುವಂಗಿಯೂ ಒಂದೇ.

ಆದುದರಿಂದ ನಮ್ಮ ಸೂಚನೆಗಳು ಮೂರು. ಉತ್ತರಗಳನ್ನು ಹೊರಗಿನ ತಜ್ಞರಿಂದ ಪರೀಕ್ಷೆಗೆ ಮೊದಲೇ ಪರಿಶೀಲಿಸಿ, ತಕರಾರುಗಳನ್ನು ಫಲಿತಾಂಶಕ್ಕೆ ಮುನ್ನವೇ ನಿಷ್ಪಕ್ಷಪಾತವಾಗಿ ಇತ್ಯರ್ಥಗೊಳಿಸಬೇಕು. ಪ್ರತಿ ವರ್ಷವೂ ಯಾವ ಅಂಕದಲ್ಲಿ ಎಷ್ಟು ಮಂದಿ ನಿಂತಿದ್ದಾರೆಂಬ ಪೂರ್ಣ ವಿವರವನ್ನು ಪ್ರಕಟಿಸಬೇಕು. ಆಗ ಜನರು ಊಹಾಪೋಹಗಳಿಗೂ ತರಬೇತಿಯ ವ್ಯಾಪಾರಿಗಳಿಗೂ ಕಿವಿಗೊಡಬೇಕಾದುದಿಲ್ಲ. ಪರೀಕ್ಷೆಯನ್ನು ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ನಡೆಸಬೇಕು. ಸಾಮಾನ್ಯ ಅಭ್ಯರ್ಥಿಯಿಂದ 4,000 ರೂಪಾಯಿ ಶುಲ್ಕ ಪಡೆಯುವ ಒಕ್ಕೂಟಕ್ಕೆ ಇವು ಮೂರೂ ಮೀರಿದ ಭಾರವಲ್ಲ. ಬೆಂಗಳೂರಿನ ವಿದ್ಯಾಲಯಕ್ಕೆ ಜನ್ಮವಿತ್ತ ಕರ್ನಾಟಕ ಸರ್ಕಾರವು ಈ ವಿಷಯದಲ್ಲಿ ಒಕ್ಕೂಟವನ್ನು ಒತ್ತಾಯಿಸಲು ಹಿಂಜರಿಯಬೇಕಾದ ಕಾರಣವನ್ನು ನಾವು ಕಾಣೆವು.

ತಂದೆತಾಯಿಗಳಿಗೂ ಒಂದು ಮಾತು. ಅಂಕಪಟ್ಟಿಯನ್ನು ಓದಿರಿ, ಸ್ಥಾನವನ್ನು ನೋಡಿರಿ, ಸೇರಬಹುದಾದ ವಿದ್ಯಾಲಯಗಳನ್ನು ಲೆಕ್ಕ ಹಾಕಿರಿ. ಆದರೆ ಎರಡು ಗಂಟೆಗಳ ಒಂದು ಅಪರಾಹ್ನದ ಲೆಕ್ಕವನ್ನು ಮಕ್ಕಳ ಬಾಳಿನ ಲೆಕ್ಕವೆಂದು ಭ್ರಮಿಸಬೇಡಿರಿ. ಕಕ್ಷಿಗಾರನ ಕಷ್ಟಕ್ಕೆ ಕರಗುವ ಮನಸ್ಸನ್ನೂ, ಸತ್ಯವನ್ನು ಬಿಡದ ಹಟವನ್ನೂ, ಕಾಗದಪತ್ರಗಳನ್ನು ರಾತ್ರಿಯೆಲ್ಲ ಓದುವ ತಾಳ್ಮೆಯನ್ನೂ ಅಳೆಯುವ ಪ್ರಶ್ನೆಗಳು ಆ 120ರಲ್ಲಿ ಇಲ್ಲ. ಒಳ್ಳೆಯ ವಕೀಲನಿಗೆ ಬೇಕಾದುವು ಮುಖ್ಯವಾಗಿ ಅವೇ ಎಂಬುದನ್ನು ಕೋರ್ಟು ಕಛೇರಿಗಳ ಅನುಭವವುಳ್ಳ ನಮ್ಮ ವಾಚಕರು ಒಪ್ಪುವರೆಂದು ನಂಬಿದ್ದೇವೆ.