ಬದುಕಿರುವವರಿಗೆ ಚರಮಗೀತೆ ಬೇಡ

ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡಿಗರಾದ ನಮ್ಮನ್ನು ಕುರಿತು 'ಇದೇ ಕೊನೆಯ ತಲೆಮಾರು' ಎಂದು ವೇದಿಕೆಗಳಲ್ಲಿ ಮರುಗುವುದು ಈಗ ವಾಡಿಕೆಯಾಗಿಬಿಟ್ಟಿದೆ. ಈ ಮರುಕವನ್ನು ನಾವು ಒಪ್ಪೆವು. ಕನಿಕರದ ವೇಷ ತೊಟ್ಟು ಬಂದ ತೀರ್ಪು ಇದು. ಇಂತಹ ತೀರ್ಪನ್ನು ಲೋಕದಲ್ಲಿ ಹಬ್ಬಿಸಿದವರಲ್ಲಿ ಐತಿಹಾಸಿಕ ಸಾಹಸ ಕಾದಂಬರಿಕಾರರೂ ಉಂಟು.

ದೂರದ ಅಮೆರಿಕದ ನಿದರ್ಶನವನ್ನೇ ನೋಡೋಣ. 1757ರಲ್ಲಿ ಅಲ್ಲಿನ ನೆಲಕ್ಕಾಗಿ ಬ್ರಿಟಿಷರೂ ಫ್ರೆಂಚರೂ ಕಾದಾಡುತ್ತಿದ್ದರು. ಮೂಲನಿವಾಸಿಗಳು ಎರಡೂ ಪಕ್ಷಗಳಲ್ಲಿ ಹಂಚಿಹೋಗಿದ್ದರು. ಈ ಯುದ್ಧವನ್ನು ವಸ್ತುವಾಗಿಸಿ ಜೇಮ್ಸ್ ಫೆನಿಮೋರ್ ಕೂಪರ್ 1826ರಲ್ಲಿ 'ದಿ ಲಾಸ್ಟ್ ಆಫ್ ದ ಮೋಹಿಕನ್ಸ್' ಕಾದಂಬರಿಯನ್ನು ಪ್ರಕಟಿಸಿದನು. ಕೋಟೆಯ ಮುತ್ತಿಗೆ, ಕಾಡಿನ ಅಲೆದಾಟ, ಸೆರೆ, ಬಿಡುಗಡೆ ಎಲ್ಲವೂ ಅದರಲ್ಲಿವೆ. ಕೊನೆಗೆ ತರುಣ ಅನ್ಕಾಸ್ ಮಡಿಯುತ್ತಾನೆ, ತಂದೆಯೊಬ್ಬನೇ ಉಳಿಯುತ್ತಾನೆ. ಕುಲವೇ ಮುಗಿಯಿತೆಂದು ಓದುಗನು ಕಣ್ಣೊರೆಸಿಕೊಳ್ಳುತ್ತಾನೆ. ನಿಜಸ್ಥಿತಿಯೇನು? ಮೋಹಿಕನ್ನರ ವಂಶಸ್ಥರು ಇಂದಿಗೂ ವಿಸ್ಕಾನ್ಸಿನ್ ರಾಜ್ಯದಲ್ಲಿ ಸ್ಟಾಕ್‌ಬ್ರಿಜ್-ಮನ್ಸೀ ಸಮುದಾಯವಾಗಿ ಬಾಳುತ್ತಿದ್ದಾರೆ. ನೆಲ ಕಳೆದುಕೊಂಡವರನ್ನು ಕಾದಂಬರಿಯು ಸತ್ತವರೆಂದು ಸಾರಿತು. ಸತ್ತವರು ನೆಲವನ್ನು ಮರಳಿ ಕೇಳುವುದಿಲ್ಲವಷ್ಟೆ!

ನಮ್ಮ ಸುರಪುರದ ಕಥೆಯನ್ನೂ ಹೊರಜಗತ್ತು ಇಂತಹದೇ ಧಾಟಿಯಲ್ಲಿ ಕೇಳಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕನನ್ನು ಬಾಲ್ಯದಿಂದ ಬಲ್ಲ ಅಧಿಕಾರಿ ಮೆಡೋಸ್ ಟೇಲರನು ಸ್ವತಃ ಐತಿಹಾಸಿಕ ಕಾದಂಬರಿಕಾರ. 1877ರಲ್ಲಿ ಹೊರಬಂದ ಅವನ ಆತ್ಮಕಥೆಯಲ್ಲಿ ಅರಸನ ಅಲ್ಪಾಯುಷ್ಯವನ್ನು ನುಡಿದ ಜಾತಕದ ಪ್ರಸಂಗ ಬರುತ್ತದೆ. ಟೇಲರನ ವಾತ್ಸಲ್ಯವನ್ನು ನಾವು ಶಂಕಿಸೆವು. ಆದರೆ ಬಂಡಾಯವನ್ನು ವಿಧಿಲಿಖಿತವೆಂದು ಓದಿದೊಡನೆ ಅದರ ಕಾರಣಗಳನ್ನು ವಿಚಾರಿಸುವ ಹೊಣೆ ತಪ್ಪಿಹೋಗುತ್ತದೆ.

ತ.ರಾ.ಸು. ಅವರ 'ದುರ್ಗಾಸ್ತಮಾನ'ವೂ ಅಂತ್ಯದ ಕಥೆಯೇ ಅಲ್ಲವೆ ಎಂದು ಸಹೃದಯರು ಕೇಳಬಹುದು. ಅಹುದು. ಆದರೆ 1779ರಲ್ಲಿ ಅಸ್ತಮಿಸಿದ್ದು ಚಿತ್ರದುರ್ಗದ ಪಾಳೆಯಗಾರಿಕೆ. ದುರ್ಗದ ಜನ ಅಳಿಯಲಿಲ್ಲ. ಅರಸೊತ್ತಿಗೆಯ ಅಳಿವು ಬೇರೆ, ಜನರ ಅಳಿವು ಬೇರೆ. ಈ ಭೇದವನ್ನರಿಯದ ಲೇಖಕನು ಇತಿಹಾಸಕ್ಕೆ ಕೈಹಾಕದಿರುವುದೇ ಲೇಸು.

ಈಗ ನಮ್ಮ ಮಾತಿಗೆ ಬರೋಣ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಅಂದು ಸರಹದ್ದು ಸರಿಯಿತು, ಜನ ಇದ್ದಲ್ಲಿಯೇ ಉಳಿದರು. ಕೇತಕಿ ಸಂಗಮೇಶ್ವರನ ಸನ್ನಿಧಿಯಲ್ಲಿ ಇಂದಿಗೂ ಕನ್ನಡದ ಹರಕೆ ಕೇಳಿಬರುತ್ತದೆ. ಹೀಗಿರುವಾಗ ನಮ್ಮನ್ನು ಕೊನೆಯವರೆಂದು ಕರೆಯುವುದರ ಫಲವೇನು? ಕೊನೆಯವರೆಂದ ಮೇಲೆ ಕನ್ನಡ ಶಾಲೆಗೆ ಶಿಕ್ಷಕರೇಕೆ, ಮಕ್ಕಳಿಗೆ ಪಠ್ಯಪುಸ್ತಕವೇಕೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಕಣ್ಣೀರಿಟ್ಟವರೇ ಕದ ಮುಚ್ಚಲು ನೆರವಾದಂತಾಗುತ್ತದೆ.

ಆದ್ದರಿಂದ ತರುಣ ಬರಹಗಾರರಲ್ಲಿ ನಮ್ಮ ನಿವೇದನೆಯಿಷ್ಟೆ. ಗಡಿಯ ಕಥೆಯನ್ನು ಬರೆಯಿರಿ. ಕೋಟೆ, ಕುದುರೆ, ಕತ್ತಿಗಳಿರಲಿ, ಸೋಲೂ ಇರಲಿ. ಆದರೆ ಕೊನೆಯ ಪುಟದಲ್ಲಿ ನಮ್ಮನ್ನು ಕೊಲ್ಲಬೇಡಿ. ಆ ಪುಟವನ್ನು ಓದಬೇಕಾದ ಮಕ್ಕಳು ಇಲ್ಲಿಯೇ ಇದ್ದಾರೆ. ಮೊದಲು ಅವರಿಗೆ ಅಕ್ಷರ ಕಲಿಸುವ ಏರ್ಪಾಡಾಗಲಿ.