ಬಂಗಿಗೆ ಮುಲಾಮು, ಕಲೆಗೆ ಲೇಸರ್

ಸಂಕಷ್ಟಿಯ ದಿನ ಉತ್ತರ ಕನ್ನಡದ ಇಡಗುಂಜಿ ಗಣಪತಿ ದೇವಸ್ಥಾನದ ಹಾದಿಯಲ್ಲಿ ಗರಿಕೆ, ಹೂ ಮಾರುವ ಹೆಂಗಸರ ಮುಖ ನೋಡಿ. ಎಷ್ಟೋ ಜನರ ಎರಡೂ ಕೆನ್ನೆಯ ಮೇಲೆ ಬಂಗು. ಒಬ್ಬರು ಹೂಬುಟ್ಟಿಯ ಮೂಲೆಯಿಂದ ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬ್ ತೆಗೆದು ತೋರಿಸಿದರು. "ಹಚ್ಚಿದ್ರೆ ಹೋಗ್ತದೆ, ಬಿಟ್ರೆ ಮತ್ತೆ ಬರ್ತದೆ." ಔಷಧಿ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟದ್ದಂತೆ. ಹಿಂಬದಿಯಲ್ಲಿ ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್.

ಇದೇನೂ ಕಳ್ಳಮದ್ದಲ್ಲ. ಬಂಗಿಗೆ ಚರ್ಮವೈದ್ಯರೂ ಇಂಥದ್ದನ್ನು ಬರೆಯುತ್ತಾರೆ, ಆದರೆ ಕೆಲವೇ ವಾರಗಳಿಗೆ. ಮೊಮೆಟಾಸೋನ್ ಸ್ಟಿರಾಯ್ಡ್. ಮೊದಲು ಮುಖ ಬೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಮೊಡವೆ ಏಳುತ್ತದೆ, ಕೂದಲು ಹುಟ್ಟುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದಿದೆ.

ಹಾಗಾದರೆ ಮುಖದ ಚಿಕಿತ್ಸೆಯೇ ಬೇಡವೇ? ಬೇಡ ಎನ್ನುವವರ ಮಾತಿಗೂ ತೂಕವಿದೆ. ಒಳ್ಳೆಯ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಉತ್ತರ ಕನ್ನಡ ಕೂಗಿತು. ಜೀವ ಉಳಿಸಲು ಮಣಿಪಾಲಕ್ಕೆ ಓಡುವ ಜಿಲ್ಲೆಯಲ್ಲಿ ಸುಕ್ಕಿನ ಚಿಂತೆ ಯಾಕೆ ಎಂದು ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಸುಕ್ಕಿಗೆ ಚುಚ್ಚುವ ಬೊಟಾಕ್ಸ್ ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ, ಮತ್ತೆ ದುಡ್ಡು ಸುರಿಯಬೇಕು. ಇದ್ದವರು ಮಾಡಿಸಿಕೊಳ್ಳಲಿ, ಸಾಲ ಮಾಡಿ ಬೇಡ.

ಆದರೆ ಮುಖದ ಚಿಂತೆಯೆಲ್ಲ ಶೋಕಿ ಎನ್ನುವ ಮಾತು ಈ ಸೀಮೆಗೆ ಒಪ್ಪುವುದಿಲ್ಲ. ಇಡಗುಂಜಿ ಗಣಪತಿಯ ಹೆಸರಲ್ಲೇ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನ ಮೇಳ ಕಟ್ಟಿದ ಸೀಮೆ ಇದು. ಬಣ್ಣದ ಮನೆಯ ಬೆಲೆ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಕಲೆಯ ವಿಷಯವಂತೂ ಬೇರೆಯೇ. ಸುಟ್ಟ ಗಾಯ, ಕಿವಿ ಚುಚ್ಚಿದ ಜಾಗ ಉಬ್ಬಿ ಗಂಟಾದರೆ ಅದು ತುರಿಸುತ್ತದೆ, ನೋಯುತ್ತದೆ. ಆ ಗಂಟಿಗೇ ಸ್ಟಿರಾಯ್ಡ್ ಚುಚ್ಚಿದರೆ ಎಷ್ಟೋ ಸಲ ಚಪ್ಪಟೆಯಾಗುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಬಾರದ ಸ್ಟಿರಾಯ್ಡೇ ಇಲ್ಲಿ ಮದ್ದು! ಮೊಡವೆ ಬಿಟ್ಟುಹೋದ ಗುಳಿಗಳಿಗೆ ಸಣ್ಣ ಸೂಜಿಯ ಚಿಕಿತ್ಸೆ, ಲೇಸರ್ ಇವೆ. ಗುಳಿ ಪೂರ್ತಿ ತುಂಬದು, ಆಳ ಕಡಿಮೆಯಾದೀತು. ಮದುವೆಗೆ ಹದಿನೈದು ದಿನ ಇರುವಾಗ ಹೋದರೆ ಏನೂ ಆಗದು, ತಿಂಗಳುಗಳೇ ಬೇಕು. ನಮ್ಮ ಕಂದು ಚರ್ಮಕ್ಕೆ ಲೇಸರಿನ ಕಾವು ಹೆಚ್ಚಾದರೆ ಇದ್ದ ಕಲೆಯ ಮೇಲೆ ಕಪ್ಪು ಕಲೆ ಬೀಳುತ್ತದೆ. ಯಂತ್ರದ ಹೆಸರಿಗಿಂತ ಅದನ್ನು ಹಿಡಿದ ಕೈ ಯಾರದೆಂದು ಮೊದಲು ಕೇಳಬೇಕು. ಬ್ಯೂಟಿಪಾರ್ಲರಿನಲ್ಲಿ ಲೇಸರ್ ಮಾಡಿಸಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಬಂಗು ಮಾತ್ರ ಹಟಮಾರಿ. ಬಸಿರಿನಲ್ಲಿ ಬರುತ್ತದೆ, ಗರ್ಭನಿರೋಧಕ ಮಾತ್ರೆಯಿಂದ ಬರುತ್ತದೆ, ಬಿಸಿಲಿಗೆ ಕೆರಳುತ್ತದೆ. ಹಿಡಿತಕ್ಕೆ ತರಬಹುದು, ಬೇರುಸಹಿತ ಕೀಳಲಾಗದು. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಗಾಢಮಾಡುವುದರಿಂದ ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಅದಕ್ಕೆ ದುಡ್ಡಿಲ್ಲದವರಿಗೆ ಕೊಡೆ, ಅಗಲ ಅಂಚಿನ ಟೋಪಿಯೂ ಆದೀತು.

ಮನೆಯಲ್ಲಿರುವ ಟ್ಯೂಬನ್ನು ಒಮ್ಮೆ ತಿರುಗಿಸಿ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಇವುಗಳಲ್ಲಿ ಒಂದು ಹೆಸರು ಕಂಡರೂ ಅದು ಸ್ಟಿರಾಯ್ಡ್. ಬಹುಕಾಲ ಹಚ್ಚಿ ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿಯಬಹುದು. ಆ ಟ್ಯೂಬನ್ನೇ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.